ಅಮ್ಮ ಬರುವ ಬಸ್ಸಿನ ಟಿಕೆಟ್

ನಾರಾವಿ ಬಸ್‌ಸ್ಟ್ಯಾಂಡಿನ ಹೋಟೆಲಿನವರು ಮೊನ್ನೆ ಹುರುಳಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಾಗುವ ಆ ಪರಿಮಳಕ್ಕೆ ಬಸ್ಸಿನಿಂದ ಇಳಿದ ನಾಲ್ಕು ಜನ ನೇರ ಒಳಗೆ ಹೋಗಿ ಕೂತರು. ನಾನು ಬಾಗಿಲವರೆಗೆ ಹೋದವನು ಚಹಾ ಕೂಡ ಕುಡಿಯದೆ ತಿರುಗಿ ಬಂದು ಬಸ್ಸಿನ ಮೆಟ್ಟಿಲ ಮೇಲೆ ಕೂತೆ. ಡ್ರೈವರ್ ಲೋಕೇಶಣ್ಣ ಯಾಕೆಂದು ಕೇಳಲಿಲ್ಲ. ಹದಿನಾಲ್ಕು ವರ್ಷದಿಂದ ನಾವಿಬ್ಬರೂ ಒಂದೇ ಬಸ್ಸಿನಲ್ಲಿದ್ದೇವೆ, ಆ ಒಂದು ಮಳೆಗಾಲ ಅವರಿಗೂ ಗೊತ್ತು.

ಮೂರು ವರ್ಷದ ಹಿಂದಿನ ಮಾತು. ಆ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಹುರುಳಿ ಸಾರು, ಉಳಿದ ದಿನ ಹಿತ್ತಿಲಲ್ಲಿ ಎದ್ದ ಸೊಪ್ಪು. ಬಡತನದಿಂದ ಅಲ್ಲ, ನನ್ನ ಹಟದಿಂದ.

ನಾನು ಮೂಡುಬಿದಿರೆಯಿಂದ ಶಿರ್ತಾಡಿ ಮಾರ್ಗವಾಗಿ ನಾರಾವಿಗೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ಚಿಲ್ಲರೆಯ ವಿಷಯದಲ್ಲಿ ನನ್ನನ್ನು ಯಾಮಾರಿಸುವವರು ಈ ಲೈನಿನಲ್ಲಿ ಹುಟ್ಟಿಲ್ಲ ಎಂಬ ಅಹಂಕಾರ ನನಗೆ ಬೇಕಾದಷ್ಟಿತ್ತು. ಹೆಂಡತಿ ಪ್ರಮೀಳಾ ನರ್ಸ್. ಆ ವರ್ಷ ಏಪ್ರಿಲಿನಲ್ಲಿ ಬಿಸು ಹಬ್ಬ ಕಳೆದ ಮರುವಾರ ಅವಳು ಮಸ್ಕತ್ತಿಗೆ ಹೋದಳು. ಎರಡು ವರ್ಷದ ಕರಾರು. ಹೊಸದಾಗಿ ಕಟ್ಟಿದ ಮನೆಯ ಸಾಲದ ಕಂತು ಅವಳ ಸಂಬಳದಲ್ಲಿ, ಮನೆಯ ತಿಂಗಳ ಖರ್ಚು ನನ್ನ ದುಡಿಮೆಯಲ್ಲಿ ಎಂದು ನಮ್ಮೊಳಗೆ ಮಾತಾಗಿತ್ತು. ವಿಮಾನ ನಿಲ್ದಾಣದ ಬಾಗಿಲಲ್ಲಿ ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಾಗ ನಾನು ಎದೆ ಸೆಟೆಸಿ, ಅಡುಗೆಮನೆಗೆ ನಿನ್ನ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ ಎಂದೆ. ಅಳುತ್ತಿರುವ ಹೆಂಡತಿಗೆ ಹೇಳುವ ಮಾತಾ ಅದು? ಆದರೂ ಹೇಳಿದೆ, ದೊಡ್ಡ ಜನ ನಾನು.

ಮೇ ತಿಂಗಳ ಕೊನೆಗೇ ಬಣ್ಣ ಬಯಲಾಯಿತು. ಪ್ರಮೀಳಾ ಬರೆದಿಟ್ಟ ಪಟ್ಟಿಯಂತೆಯೇ ದಿನಸಿ ತಂದಿದ್ದೆ. ಆದರೆ ಅವಳ ಕೈಯಲ್ಲಿ ಮೂವತ್ತು ದಿನ ಬರುತ್ತಿದ್ದ ಸಕ್ಕರೆ ನನ್ನ ಆಡಳಿತದಲ್ಲಿ ಹತ್ತೊಂಬತ್ತೇ ದಿನಕ್ಕೆ ಮುಗಿಯಿತು. ಎಣ್ಣೆ ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಇಪ್ಪತ್ತಾರನೇ ತಾರೀಕಿಗೆ ಗ್ಯಾಸ್ ಖಾಲಿ, ಅದೇ ದಿನ ಇಬ್ಬರು ಹೆಣ್ಣುಮಕ್ಕಳ ಪುಸ್ತಕದ ಹಣ ಕಟ್ಟಬೇಕು. ಕೊನೆಗೆ ಪ್ರಮೀಳಾಗೆ ಫೋನ್ ಮಾಡಿದೆ. ಅವಳು ಒಂದು ಮಾತೂ ಆಡದೆ ಗಂಟೆಯೊಳಗೆ ಹಣ ಕಳಿಸಿದಳು. ಒಂದು ಸಲ ಬೈದಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಇನ್ನು ಸತ್ತರೂ ಕೇಳುವುದಿಲ್ಲ ಎಂದು ಅವತ್ತೇ ನಿಶ್ಚಯ ಮಾಡಿದೆ.

ಜೂನಿನಲ್ಲಿ ಶಾಲೆ ಶುರುವಾಯಿತು, ಮಳೆಯೂ ಹಿಡಿಯಿತು. ಮಳೆ ಜೋರಾದರೆ ಜನ ಹೊರಡುವುದಿಲ್ಲ, ಜನ ಇಲ್ಲದಿದ್ದರೆ ಬಸ್ಸಿನ ಧಣಿಗಳು ಮಧ್ಯಾಹ್ನದ ಟ್ರಿಪ್ಪು ಕಡಿತ ಮಾಡುತ್ತಾರೆ, ಟ್ರಿಪ್ಪು ಕಡಿಮೆಯಾದರೆ ನಮಗೆ ಸಿಗುವ ದಿನದ ಬತ್ತೆಯೂ ಕಡಿಮೆ. ಮೀನಿನ ಬೆಲೆ ಮುಟ್ಟುವ ಹಾಗಿರಲಿಲ್ಲ, ದೋಣಿಗಳು ಕಡಲಿಗೆ ಇಳಿಯದ ಕಾಲ. ನನ್ನ ತಾಯಿಗೆ, ಅಂದರೆ ಮನೆಯಲ್ಲಿ ನಾನೂ ಸೇರಿ ಎಲ್ಲರೂ ಅಜ್ಜಿ ಎಂದೇ ಕರೆಯುವವರಿಗೆ, ಬಿ.ಪಿ. ಮಾತ್ರೆ ತಪ್ಪುವಂತಿಲ್ಲ. ಇದರ ನಡುವೆ ದೊಡ್ಡವಳು ಅನುಷಾ, ಹನ್ನೊಂದು ವರ್ಷ, ಬಣ್ಣದ ಪೆನ್ಸಿಲು ಕೇಳುತ್ತಾಳೆ. ಚಿಕ್ಕವಳು ಧನ್ಯ, ಆರು ವರ್ಷ, ಚಿತ್ರ ಇರುವ ಕೊಡೆಯೇ ಬೇಕು ಎನ್ನುತ್ತಾಳೆ. ಒಂದು ಭಾನುವಾರ ಮೂಡುಬಿದಿರೆಯಲ್ಲಿ ವಿಠಲ ಮಾಮ್ ಅವರ ದಿನಸಿ ಅಂಗಡಿಯ ಎದುರೇ ಇಬ್ಬರೂ ನೂಡಲ್ಸಿಗಾಗಿ ರಾಗ ತೆಗೆದರು. ನಾಲ್ಕು ಜನರ ಎದುರು ನನ್ನ ಮರ್ಯಾದೆ ಹೋಯಿತು.

ಅವತ್ತು ಸಂಜೆ ನನಗೆ ಆ ಯೋಚನೆ ಹೊಳೆಯಿತು. ಬಸ್ಸಿಗೆ ಟಿಕೆಟ್ ಮೆಷಿನ್ ಬಂದ ಮೇಲೆ ಹಳೆಯ ಟಿಕೆಟ್ ಪುಸ್ತಕಗಳು ಮನೆಯ ಅಟ್ಟದಲ್ಲಿ ಕಟ್ಟುಕಟ್ಟಾಗಿ ಬಿದ್ದಿದ್ದವು. ಗುಲಾಬಿ, ಹಳದಿ, ಹಸಿರು ಬಣ್ಣದವು. ಒಂದು ಪುಸ್ತಕ ಕೆಳಗಿಳಿಸಿದೆ. ಮಕ್ಕಳಿಬ್ಬರನ್ನೂ ಕೂರಿಸಿ ಹೇಳಿದೆ: ಮನೆಖರ್ಚಿನಲ್ಲಿ ನೂರು ರೂಪಾಯಿ ಉಳಿದರೆ ಒಂದು ಟಿಕೆಟ್. ಒಂದು ಟಿಕೆಟ್ ಅಂದರೆ ಅಮ್ಮ ಒಂದು ದಿನ ಮುಂಚೆ ಬರುತ್ತಾಳೆ. ಉಪ್ಪಿನಕಾಯಿಯ ಖಾಲಿ ಭರಣಿ ತೊಳೆದು ಒಣಗಿಸಿ ದೇವರ ಫೋಟೋದ ಕೆಳಗೆ ಇಟ್ಟೆ. ಧನ್ಯ ಚಪ್ಪಾಳೆ ತಟ್ಟಿದಳು. ಅನುಷಾ ತಟ್ಟಲಿಲ್ಲ, ಒಂದೇ ಒಂದು ಪ್ರಶ್ನೆ ಕೇಳಿದಳು.

"ಹೌದಾ ಪಪ್ಪ? ನಿಜವಾಗಿ?"

ನಾನು ಹೌದು ಎಂದೆ.

ಮುಚ್ಚಿಟ್ಟು ಪ್ರಯೋಜನವಿಲ್ಲ, ಇಲ್ಲೇ ಹೇಳಿಬಿಡುತ್ತೇನೆ. ಅದು ಶುದ್ಧ ಸುಳ್ಳು. ಕರಾರು ಎರಡು ವರ್ಷ ಎಂದರೆ ಎರಡೇ ವರ್ಷ. ನಾವು ನೂರಲ್ಲ, ಲಕ್ಷ ಉಳಿಸಿದರೂ ಪ್ರಮೀಳಾ ಒಂದು ದಿನ ಮುಂಚೆ ಬರುವ ಹಾಗಿರಲಿಲ್ಲ. ಕಾಗದಕ್ಕೆ ಸಹಿ ಹಾಕುವಾಗ ಪಕ್ಕದಲ್ಲೇ ಕೂತಿದ್ದವನು ನಾನು, ನನಗೆ ಗೊತ್ತಿತ್ತು. ಮಕ್ಕಳು ಅದು ಬೇಕು ಇದು ಬೇಕು ಎನ್ನುವುದು ನಿಲ್ಲಬೇಕಿತ್ತು, ಅಷ್ಟೇ. ಇಷ್ಟು ಸಣ್ಣ ಸುಳ್ಳಿಗೆ ಯಾರು ಸಾಯುತ್ತಾರೆ ಎಂದುಕೊಂಡೆ.

ಮಕ್ಕಳು ಕೇಳುವುದು ನಿಂತಿತು. ನಿಂತದ್ದು ಮಾತ್ರವಲ್ಲ, ಅನುಷಾ ನನ್ನನ್ನೇ ಮೀರಿಸಿದಳು. ತಿಂಗಳ ಪಟ್ಟಿ ಅವಳ ಕೈಗೆ ಹೋಯಿತು. ಅಂಗಡಿಯಲ್ಲಿ ನನ್ನ ಪಕ್ಕ ನಿಂತು ನೆಲಗಡಲೆ ಅರ್ಧ ಕಿಲೋ ವಾಪಸು ಮಾಡಿಸಿದಳು, ದೊಡ್ಡ ಪ್ಯಾಕೆಟ್ ಸೋಪಿನ ಪುಡಿಗೂ ಸಣ್ಣದಕ್ಕೂ ತೂಕ ನೋಡಿ ಹೋಲಿಸಿದಳು, ಬಿಸ್ಕತ್ತಿಗೆ ಗೀಟು ಎಳೆದಳು. ಈ ಹುಡುಗಿ ದೊಡ್ಡವಳಾದರೆ ನಮ್ಮ ಅಂಗಡಿಗೆ ಬಾಗಿಲೇ ಎಂದು ವಿಠಲ ಮಾಮ್ ನಕ್ಕರು. ನನಗೆ ಹೆಮ್ಮೆಯೋ ಹೆಮ್ಮೆ. ಬಸ್ಸಿನಲ್ಲಿ ದಿನಾ ಬರುವ ಟೀಚರ್‌ಗಳಿಗೆಲ್ಲ ಈ ಟಿಕೆಟಿನ ಕತೆ ಹೇಳಿ ಶಹಬಾಸ್ ಗಿಟ್ಟಿಸಿಕೊಂಡೆ. ಮಕ್ಕಳನ್ನು ಹೀಗೆ ಬೆಳೆಸಬೇಕು ಎಂದು ಒಬ್ಬರು ಹೇಳಿದ್ದು ಮೂರು ಸ್ಟಾಪಿನವರೆಗೆ ಕಿವಿಯಲ್ಲಿತ್ತು.

ಅಜ್ಜಿಗೆ ಮಾತ್ರ ಇದು ಮೊದಲ ದಿನದಿಂದಲೇ ಹಿಡಿಸಿರಲಿಲ್ಲ. ಅವರು ತಾವಾಗಿ ಹಿತ್ತಿಲಿಂದ ತಗತೆ ಸೊಪ್ಪು ಕೊಯ್ದು ಪಲ್ಯ ಮಾಡುವವರು, ತಿಮರೆ ಸೊಪ್ಪಿನ ಚಟ್ನಿ ಅರೆಯುವವರು, ದುಂದಿನ ಜನ ಅಲ್ಲವೇ ಅಲ್ಲ. ಆದರೂ ಒಂದು ದಿನ ನಾನು ಊಟಕ್ಕೆ ಕೂತಾಗ ಎದುರು ಬಂದು ನಿಂತರು.

"ಮಗಾ, ಈ ಮಗು ಈಗ ಏನೂ ಕೇಳುವುದಿಲ್ಲ. ನನಗೆ ಹೆದರಿಕೆ ಆಗ್ತದೆ."

ಕೇಳಿದರೂ ಕಷ್ಟ, ಕೇಳದಿದ್ದರೂ ಕಷ್ಟವಾ ನಿಮಗೆ ಎಂದು ನಾನು ರೇಗಿದೆ. ಅವರು ಸಾರು ಬಡಿಸಿ ಒಳಗೆ ಹೋದರು.

ಜುಲೈಯಲ್ಲಿ ಅನುಷಾ ಹಾಲು ಬಿಟ್ಟಳು. ಅದರ ವಾಸನೆಯೇ ಆಗುವುದಿಲ್ಲ ಎಂದಳು. ಹುಟ್ಟಿದಾಗಿನಿಂದ ಬೆಳಿಗ್ಗೆ ಒಂದು ಲೋಟ ಹಾಲಿಲ್ಲದೆ ಶಾಲೆಗೆ ಹೊರಡದ ಮಗು. ನಾನು ಒಂದು ಗಳಿಗೆ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಡೇರಿಯಿಂದ ತರುವುದನ್ನು ಅರ್ಧ ಲೀಟರ್ ಕಡಿಮೆ ಮಾಡಿ ವಾರದ ಕೊನೆಗೆ ಟಿಕೆಟ್ ಹರಿದುಕೊಟ್ಟೆ. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಭರಣಿಗೆ ಹಾಕಿ, ಒಳಗಿದ್ದುದನ್ನೆಲ್ಲ ಸುರಿದು ಎಣಿಸಿ, ಮತ್ತೆ ತುಂಬಿಸಿಟ್ಟಳು. ಪ್ರಮೀಳಾ ವಿಡಿಯೋ ಕಾಲಿನಲ್ಲಿ ಮಗಳ ಮುಖ ನೋಡಿದವಳೇ ಕೆನ್ನೆ ಇಳಿದಿದೆಯಲ್ಲ ಎಂದಳು. ಮಕ್ಕಳು ಆಚೆ ಹೋದ ಮೇಲೆ, ಅವರ ಬಾಯಲ್ಲಿ ಕೇಳಿದ್ದ ಆ ಟಿಕೆಟಿನ ಆಟ ಸಾಕು, ನಿಲ್ಲಿಸಿ ಎಂದು ನನಗೆ ಹೇಳಿದಳು. ಮಕ್ಕಳಿಗೆ ದುಡ್ಡಿನ ಬೆಲೆ ಗೊತ್ತಾಗುತ್ತಾ ಉಂಟು, ನೀನು ಅಲ್ಲಿಂದ ತಲೆ ಬಿಸಿ ಮಾಡಿಕೊಳ್ಳಬೇಡ ಎಂದೆ. ಅವಳಿಗೆ ವಾರ್ಡಿನಿಂದ ಕರೆ ಬಂತು, ಫೋನ್ ಇಟ್ಟಳು.

ಆಗಸ್ಟ್ ಬಂದಿತ್ತು, ಆಟಿ ತಿಂಗಳು ಅರ್ಧ ಕಳೆದಿತ್ತು. ಊರಿನಲ್ಲಿ ಅಲ್ಲಲ್ಲಿ ಡೆಂಗಿ ಎಂದು ಸುದ್ದಿ. ಆಶಾ ಕಾರ್ಯಕರ್ತೆ ಮನೆಗೆ ಬಂದು ತೆಂಗಿನ ಚಿಪ್ಪು, ಹಳೆ ಟಯರಿನಲ್ಲಿ ನಿಂತ ನೀರು ಚೆಲ್ಲಿಸಿ ಹೋದಳು. ಆ ವಾರ ಅನುಷಾ ಸ್ವೆಟರ್ ಬಿಚ್ಚಲಿಲ್ಲ. ಎಲ್ಲರಿಗೂ ಚಳಿಯೇ, ನಾನು ಗಮನಿಸಲಿಲ್ಲ. ಊಟಕ್ಕೆ ಕೂತರೆ ಅನ್ನ ಕೆದಕಿ ಏಳುತ್ತಿದ್ದಳು. ಶೀತ ಇರಬೇಕೆಂದು ಅಜ್ಜಿ ಅಮೃತಬಳ್ಳಿಯ ಕಷಾಯ ಮಾಡಿ ಕುಡಿಸಿದರು. ಬುಧವಾರ ಸಂಜೆ ಅವಳು ನನ್ನ ಹತ್ತಿರ ಬಂದು, ತನ್ನ ಪಾಲಿನ ಮೊಟ್ಟೆ ಧನ್ಯಳಿಗೆ ಕೊಡಿ, ಇನ್ನು ಮೇಲೆ ತನಗೆ ತರುವುದೇ ಬೇಡ ಎಂದಳು. ಜಾಣೆ ಎಂದು ನಾನು ಆಗಲೇ ಒಂದು ಟಿಕೆಟ್ ಹರಿದುಕೊಟ್ಟೆ. ಭರಣಿಯ ಮುಚ್ಚಳ ತೆಗೆಯುವಾಗ ಅವಳ ಕೈ ನಡುಗುತ್ತಿತ್ತು. ನೋಡಿದೆ ನಾನು. ಕಣ್ಣಾರೆ ನೋಡಿದೆ.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ನಮ್ಮದೇ ಬಸ್ಸಿಗೆ ಹತ್ತಿದಳು, ಶಿರ್ತಾಡಿಯ ಶಾಲೆಗೆ. ಭಯಂಕರ ಮಳೆ, ಬಸ್ಸಿನ ಎರಡೂ ಬದಿಯ ಟಾರ್ಪಾಲು ಇಳಿಸಿತ್ತು. ಕಾಲಿಡಲು ಜಾಗವಿಲ್ಲ. ನಾನು ಹಿಂದಿನ ಬಾಗಿಲಲ್ಲಿ ನೇತಾಡಿಕೊಂಡು ಮುಂದೆ ಹೋಗಿ, ಮುಂದೆ ಹೋಗಿ ಎಂದು ಕಿರುಚುತ್ತಿದ್ದೆ. ಮಲ್ಲಿಗೆ ಮಾರಲು ಮೂಡುಬಿದಿರೆಗೆ ಹೋಗುವ ಒಬ್ಬ ಹೆಂಗಸು ಮಧ್ಯದ ಸೀಟಿನಿಂದ ನನ್ನನ್ನು ಎರಡು ಸಲ ಕರೆದರು. ಚಿಲ್ಲರೆ ಬಾಕಿ ಕೇಳುತ್ತಿದ್ದಾರೆ ಎಂದುಕೊಂಡು ಆಮೇಲೆ ಕೊಡುತ್ತೇನೆ ಎಂದೆ.

"ಚಿಲ್ಲರೆ ಅಲ್ಲ ಕಂಡಕ್ಟ್ರೇ. ಈ ಹುಡುಗಿಯ ಮೈ ಸುಡ್ತಾ ಉಂಟು. ನಿಮ್ಮ ಮಗಳಲ್ವಾ?"

ಜನರನ್ನು ತಳ್ಳಿಕೊಂಡು ಹೋದೆ. ಆ ಹೆಂಗಸು ಮಗಳನ್ನು ಹೂವಿನ ಬುಟ್ಟಿಯ ಪಕ್ಕ ತನ್ನ ಮಡಿಲಿಗೆ ಎಳೆದುಕೊಂಡಿದ್ದರು. ಹಣೆ ಮುಟ್ಟಿದೆ. ಕೈ ಹಿಂದಕ್ಕೆ ಬಂತು. ಅನುಷಾ ನನ್ನನ್ನು ನೋಡಿ ಏನಿಲ್ಲ ಪಪ್ಪ ಎನ್ನಲು ಬಾಯಿ ತೆರೆದಳು. ಅವಳ ಹಲ್ಲಿನ ಸಂದಿಯಲ್ಲೆಲ್ಲ ರಕ್ತ.

ಸೀಟಿ ಊದಲು ಆಗಲಿಲ್ಲ. ಲೋಕೇಶಣ್ಣ ಎಂದು ಕೂಗಿದೆ, ಅಷ್ಟೇ. ಅವರು ಕನ್ನಡಿಯಲ್ಲಿ ಒಮ್ಮೆ ನೋಡಿದರು. ಇನ್ನು ಸ್ಟಾಪ್ ಇಲ್ಲ, ಇಳಿಯುವವರು ಮೂಡುಬಿದಿರೆಯಲ್ಲೇ ಇಳಿಯಬೇಕು ಎಂದು ಗಟ್ಟಿಯಾಗಿ ಹೇಳಿ ಗೇರು ಹಾಕಿದರು. ಶಿರ್ತಾಡಿ ಬಂತು, ಹೋಯಿತು. ಅಲ್ಲಿ ಇಳಿಯಬೇಕಾದ ಟೀಚರ್‌ಗಳು, ಪಂಚಾಯತಿನ ಗುಮಾಸ್ತರು, ಶಾಲೆಯ ಮಕ್ಕಳು ಯಾರೂ ತುಟಿ ಬಿಚ್ಚಲಿಲ್ಲ. ಸ್ಟಾಪಿನಲ್ಲಿ ಕೊಡೆ ಹಿಡಿದು ಕೈ ಅಡ್ಡ ಹಾಕಿದವರ ಮೇಲೆ ಕೆಸರು ಹಾರಿತು. ತಗ್ಗಿನ ಒಂದು ತಿರುವಿನಲ್ಲಿ ರಸ್ತೆಯ ಮೇಲೆ ಮೊಣಕಾಲಷ್ಟು ನೀರು, ಎದುರಿಗೆ ಪಿಕಪ್ಪು. ಲೋಕೇಶಣ್ಣ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ, ಪಿಕಪ್ಪಿನವನೇ ಹಿಂದಕ್ಕೆ ಹೋದ. ನಾನು ಮಗಳ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಆಸ್ಪತ್ರೆಯ ಗೇಟಿನೊಳಗೇ ಬಸ್ಸು ನುಗ್ಗಿತು.

ಡಾಕ್ಟರು ಚಿಕ್ಕ ಪ್ರಾಯದವರು. ರಕ್ತ ಪರೀಕ್ಷೆ ಬಂತು. ಡೆಂಗಿ, ಪ್ಲೇಟ್‌ಲೆಟ್ ಮೂವತ್ತೆರಡು ಸಾವಿರ. ಮಾಮೂಲಿಗೆ ಒಂದೂವರೆ ಲಕ್ಷದ ಮೇಲೆ ಇರಬೇಕಂತೆ. ಜ್ವರ ಎಷ್ಟು ದಿನದಿಂದ ಎಂದು ಕೇಳಿದರು. ನಾನು ಇವತ್ತಿನಿಂದ ಎಂದೆ. ಅನುಷಾ ಹಾಸಿಗೆಯ ಮೇಲಿಂದ ಕೈ ಎತ್ತಿ ಐದು ಬೆರಳು ತೋರಿಸಿದಳು. ಅಜ್ಜಿಯ ಮಾತ್ರೆಯ ಡಬ್ಬಿಯಿಂದ ಜ್ವರದ ಮಾತ್ರೆ ಅರ್ಧರ್ಧ ಮುರಿದು ತಾನೇ ನುಂಗುತ್ತಿದ್ದಳಂತೆ. ಮನೆಯಲ್ಲಿ ಯಾಕಮ್ಮಾ ಹೇಳಲಿಲ್ಲ ಎಂದು ಡಾಕ್ಟರು ಕೇಳಿದರು.

"ಆಸ್ಪತ್ರೆಗೆ ಬಂದ್ರೆ ಟಿಕೆಟ್ ಹೋಗ್ತದೆ."

ಡಾಕ್ಟರಿಗೆ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಹೆಗಲಿನ ಚಿಲ್ಲರೆ ಚೀಲ ಭದ್ರವಾಗಿ ಹಿಡಿದುಕೊಂಡು ಗೋಡೆಯ ಕಡೆ ನೋಡಿದೆ. ನಲವತ್ತಮೂರು ಟಿಕೆಟ್ ಇತ್ತು ಭರಣಿಯಲ್ಲಿ. ನನ್ನ ಮಗಳು ತನ್ನ ಅಮ್ಮನನ್ನು ನಲವತ್ತಮೂರು ದಿನ ಹತ್ತಿರ ತಂದಿದ್ದೇನೆಂದು ನಂಬಿಕೊಂಡು ಐದು ದಿನ ಜ್ವರ ನುಂಗಿದ್ದಳು. ಅಲ್ಲೇ ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು.

ಮರುದಿನ ಬೆಳಿಗ್ಗೆ ಇಪ್ಪತ್ತನಾಲ್ಕು ಸಾವಿರ. ಇನ್ನೂ ಇಳಿದರೆ, ಹೊಟ್ಟೆನೋವು ಶುರುವಾದರೆ, ಮಂಗಳೂರಿಗೆ ಕಳಿಸಬೇಕಾಗುತ್ತದೆ, ತಯಾರಿ ಮಾಡಿಕೊಳ್ಳಿ ಎಂದರು. ಹನ್ನೊಂದು ವರ್ಷ ದಿನಾ ಲೆಕ್ಕ ಒಪ್ಪಿಸಿದವನು ನಾನು. ಒಂದು ಲೆಕ್ಕ ಹೀಗೆ ಕಣ್ಣೆದುರು ಕರಗುವುದನ್ನು ಕೈ ಕಟ್ಟಿ ನೋಡಿದ್ದು ಅದೇ ಮೊದಲು. ಪ್ರಮೀಳಾಗೆ ನಾನು ಹೇಳಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಅಜ್ಜಿ ಪಕ್ಕದ ಮನೆಯವರ ಫೋನಿನಿಂದ ಹೇಳಿಬಿಟ್ಟಿದ್ದರು.

ಮಧ್ಯಾಹ್ನ ಅವಳ ಫೋನ್ ಬಂತು. ಮೊದಲಿಗೆ ಅವಳು ನನ್ನ ಹೆಂಡತಿಯ ಹಾಗೆ ಮಾತಾಡಲೇ ಇಲ್ಲ, ನರ್ಸಿನ ಹಾಗೆ ಕೇಳಿದಳು. ಜ್ವರ ಎಷ್ಟನೇ ದಿನ, ಒಸಡಿನ ರಕ್ತ ನಿಂತಿತಾ, ಮೂತ್ರ ಹೋಗುತ್ತಾ ಉಂಟಾ, ಹೊಟ್ಟೆ ಒತ್ತಿದರೆ ನೋಯುತ್ತದಾ. ನಾನು ಶಾಲೆಯ ಮಗುವಿನಂತೆ ಒಂದೊಂದಕ್ಕೂ ಉತ್ತರ ಕೊಟ್ಟೆ. ರಜೆ ಕೇಳಿದ್ದೇನೆ, ಮೊದಲ ಆರು ತಿಂಗಳು ಕೊಡುವುದಿಲ್ಲವಂತೆ ಎಂದಳು. ಐದು ದಿನ ಜ್ವರ ಯಾಕೆ ಮುಚ್ಚಿಟ್ಟಳು ಎಂದು ಕೇಳಿದಾಗ, ಮಗಳು ಡಾಕ್ಟರಿಗೆ ಹೇಳಿದ ಟಿಕೆಟಿನ ಮಾತನ್ನೂ ಹೇಳಿದೆ.

"ಅವಳಿಗೆ ನಿಜ ಹೇಳಿ. ಇವತ್ತೇ ಹೇಳಿ. ಟಿಕೆಟ್ ಹೋಗ್ತದೆ ಅಂತ ಹೊಟ್ಟೆನೋವು ಬಂದರೂ ಹೇಳ್ಲಿಕ್ಕಿಲ್ಲ ಅವಳು. ನೀವು ಹೇಳದಿದ್ದರೆ ನಾನೇ ಹೇಳ್ತೇನೆ."

ಅದು ನನಗೆ ಹೊಳೆದೇ ಇರಲಿಲ್ಲ. ಫೋನ್ ಕಿಸೆಗೆ ಹಾಕಿ ವಾರ್ಡಿಗೆ ಓಡಿದೆ. ಅಷ್ಟರಲ್ಲಿ ಇನ್ನೊಂದು ಚೀಟಿ ಬಂದಿತ್ತು, ಹತ್ತೊಂಬತ್ತು ಸಾವಿರ. ಡ್ರಿಪ್ಪಿನ ಕೈ ಅಲುಗಾಡಿಸದೆ ಮಲಗಿದ್ದ ಅನುಷಾ ನನ್ನ ಮುಖ ನೋಡಿ, ಎಷ್ಟು ಟಿಕೆಟ್ ಹೋಯಿತು ಪಪ್ಪ ಎಂದು ಕೇಳಿದಳು.

ಹೇಳಿದೆ. ಸುತ್ತಿ ಬಳಸದೆ ಹೇಳಿದೆ. ಟಿಕೆಟ್ ಎಂಬುದೇ ಸುಳ್ಳು, ಅಮ್ಮ ಬರುವುದು ಎರಡು ವರ್ಷಕ್ಕೇ, ಮೊದಲ ದಿನವೇ ನನಗೆ ಗೊತ್ತಿತ್ತು, ನೀವು ಅದು ಇದು ಕೇಳಬಾರದೆಂದು ಹಾಗೆ ಮಾಡಿದೆ ಎಂದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. 

"ಹಾಗಾದ್ರೆ ನಾನು ಹಾಲು ಕುಡಿಬಹುದಿತ್ತಾ?"

"ಕುಡಿಬಹುದಿತ್ತು ಮಗಾ."

"ದಿನಾ?"

"ದಿನಾ."

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಡೆ ತಿರುಗದೆಯೇ, ಬೆಳಿಗ್ಗೆಯಿಂದ ಹೊಟ್ಟೆ ನೋಯುತ್ತಾ ಉಂಟು ಎಂದಳು. ನಾನು ನರ್ಸನ್ನು ಕರೆಯುತ್ತಾ ಓಡಿದೆ. ಡಾಕ್ಟರು ಬಂದರು, ಹೊಟ್ಟೆ ಒತ್ತಿ ನೋಡಿದರು, ಡ್ರಿಪ್ಪಿನ ವೇಗ ಬದಲಿಸಿದರು, ಸ್ಕ್ಯಾನ್ ಮಾಡಿಸಿದರು, ಆಂಬುಲೆನ್ಸ್ ಬಾಗಿಲಲ್ಲಿ ತಂದು ನಿಲ್ಲಿಸಿದರು. ಸರಿಯಾದ ಹೊತ್ತಿಗೆ ಹೇಳಿದಿರಿ ಎಂದರು. ಸಂಜೆಯೂ ಹತ್ತೊಂಬತ್ತು ಸಾವಿರವೇ. ಇಳಿಯಲಿಲ್ಲ, ಮಂಗಳೂರಿಗೆ ಹೋಗಬೇಕಾಗಲಿಲ್ಲ. ಮರುದಿನ ಇಪ್ಪತ್ತೊಂದು. ಅದರ ಮರುದಿನ ಮೂವತ್ತೆಂಟು. ಆ ಚೀಟಿ ಹಿಡಿದು ನಾನು ಆಸ್ಪತ್ರೆಯ ವರಾಂಡದಲ್ಲಿ ಅತ್ತದ್ದನ್ನು ಊಟದ ಬುತ್ತಿ ತಂದಿದ್ದ ಲೋಕೇಶಣ್ಣ ನೋಡಿದ್ದಾರೆ. ಬುತ್ತಿಯನ್ನು ಬೆಂಚಿನ ಮೇಲಿಟ್ಟು ಪಕ್ಕದಲ್ಲಿ ಕೂತರು.

ಮನೆಗೆ ಬಂದ ದಿನ ಟಿಕೆಟ್ ಪುಸ್ತಕಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದೆ. ಆಸ್ಪತ್ರೆಯ ಖರ್ಚಿಗೆ ಪ್ರಮೀಳಾ ಕಳಿಸಿದ ಹಣ ಮುಟ್ಟಿದೆ, ಅಡುಗೆಮನೆಗೂ ಮುಟ್ಟಿದೆ, ನನ್ನ ಹಟಕ್ಕೆ ಬೆಂಕಿ ಬೀಳಲಿ. ಅವಳು ಕರಾರಿನ ದಿನಕ್ಕೆ ಸರಿಯಾಗಿ ಬಂದಳು, ಈಗ ಇಲ್ಲೇ ಕೆಲಸದಲ್ಲಿದ್ದಾಳೆ. ನನ್ನನ್ನು ಕ್ಷಮಿಸಿದ್ದಾಳಾ ಎಂದು ನಾನು ಕೇಳಿಲ್ಲ. ಮನೆ ಚೆನ್ನಾಗಿಯೇ ನಡೆಯುತ್ತಿದೆ. ಧನ್ಯಳಿಗೆ ಆ ಭರಣಿಯೇ ಮರೆತುಹೋಗಿದೆ.

ಅನುಷಾ ನಗುತ್ತಾಳೆ, ತಂಗಿಯೊಡನೆ ಜಗಳವಾಡುತ್ತಾಳೆ, ಈಗ ಒಂಬತ್ತನೇ ಕ್ಲಾಸು. ಆದರೆ ಈ ಮೂರು ವರ್ಷದಲ್ಲಿ ಅವಳು ತನಗಾಗಿ ಒಂದನ್ನೂ ಕೇಳಿರಲಿಲ್ಲ. ಶಾಲೆಯ ಪ್ರವಾಸದ ಚೀಟಿಯನ್ನು ನಮಗೆ ತೋರಿಸದೆ ಬ್ಯಾಗಿನಲ್ಲೇ ಇಟ್ಟುಕೊಂಡಳು. ಹಲ್ಲು ನೋವಾದಾಗ ಕೆನ್ನೆ ಊದಿದ ಮೇಲೆಯೇ ನಮಗೆ ಗೊತ್ತಾದದ್ದು. ಬೇಕಾದ್ದು ಹೇಳು ಎಂದು ಪ್ರಮೀಳಾ ಎಷ್ಟು ಸಲ ಕೂರಿಸಿ ಕೇಳಿದರೂ ಏನೂ ಬೇಡಮ್ಮ ಎನ್ನುತ್ತಾಳೆ, ಸಿಟ್ಟಿಲ್ಲದೆ, ಸಮಾಧಾನದಲ್ಲಿ.  ಅವಳ ಮಾತನ್ನು ನಂಬದೆ ದಿನಾ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹೊರಡುವ ಮೊದಲು ಹಣೆಗೆ ಕೈ ಇಟ್ಟು ನೋಡಿಯೇ ಹೋಗುತ್ತೇನೆ.

ತಿಂಗಳ ದಿನಸಿಯ ಪಟ್ಟಿ ಈಗಲೂ ಅವಳೇ ಬರೆಯುವುದು, ಅಕ್ಷರ ಚೆಂದ. ಕಳೆದ ಭಾನುವಾರ ಅದನ್ನು ಹಿಡಿದು ಒಬ್ಬನೇ ವಿಠಲ ಮಾಮ್ ಅವರ ಅಂಗಡಿಗೆ ಹೋಗಿ ಒಂದೊಂದಾಗಿ ಓದಿ ಹೇಳುತ್ತಿದ್ದೆ. ಕುಚ್ಚಲಕ್ಕಿ, ಉದ್ದಿನಬೇಳೆ, ಸಾಸಿವೆ, ಹುಣಸೆಹುಳಿ. ಅದರ ಕೆಳಗಿನ ಸಾಲಿಗೆ ಬಂದು ನಿಂತುಬಿಟ್ಟೆ. 'ನನಗೆ ಹೊಸ ಶೂ. ಈಗಿನದು ಕಚ್ಚುತ್ತದೆ.' ಅಷ್ಟೇ ಬರೆದಿದ್ದಳು, ಉಳಿದ ಸಾಮಾನಿನಷ್ಟೇ ದಪ್ಪದ ಅಕ್ಷರದಲ್ಲಿ. ಮುಂದೆ ಎಂಥ ಎಂದು ವಿಠಲ ಮಾಮ್ ಎರಡು ಸಲ ಕೇಳಿದರು. ಉಳಿದದ್ದು ಆಮೇಲೆ ಕಟ್ಟಿ ಎಂದು ಹೇಳಿ ರಸ್ತೆ ದಾಟಿ ಶೂ ಅಂಗಡಿಗೆ ಹೋದೆ.

ಎಷ್ಟು ನಂಬರ್ ಬೇಕು ಎಂದು ಅಂಗಡಿಯವನು ಕೇಳಿದ. ನನಗೆ ಗೊತ್ತಿರಲಿಲ್ಲ. ಮಗಳ ಕಾಲಿನ ಅಳತೆ ನನಗೆ ಗೊತ್ತಿರಲಿಲ್ಲ. ಅಲ್ಲೇ ನಿಂತು ಮನೆಗೆ ಫೋನ್ ಮಾಡಿದೆ. ಅನುಷಾಳೇ ತೆಗೆದಳು.

"ನಂಬರ್ ಎಲ್ಲ ಬೇಡ ಪಪ್ಪ, ನೀವು ಅಲ್ಲೇ ನಿಲ್ಲಿ. ನಾನೇ ಬರ್ತೇನೆ. ನನಗೆ ಚೆಂದದ್ದು ನೋಡಿ ತೆಗೆದುಕೊಳ್ಬೇಕು."

ಸ್ವಲ್ಪ ತಡವಾಗುತ್ತದೆ, ಹನ್ನೊಂದೂವರೆಯ ಬಸ್ಸಿಗೆ ಬರುತ್ತೇನೆ ಎಂದಳು. ಎಷ್ಟು ತಡವಾದರೂ ಅಡ್ಡಿಲ್ಲ ಎಂದೆ. ಅಂಗಡಿಯವನು ಸ್ಟೂಲು ಕೊಟ್ಟ. ಬೇಡವೆಂದು ಬಾಗಿಲಲ್ಲೇ ನಿಂತೆ.